ಆ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ

ನಾನು ತೀರ್ಥಹಳ್ಳಿ ಕಡೆ ಮನೆಮನೆಗೆ ಹೋಗುವ ಆಪ್ತಸಮಾಲೋಚಕಿ. ಮನೆಯಲ್ಲಿ ಯಾರಾದರೂ ತಾವೇ ಜೀವ ಕಳೆದುಕೊಂಡಾಗ ಉಳಿದವರ ಜೊತೆ ಕೂರುವುದು ನನ್ನ ಕೆಲಸ.

ಮೊದಲ ಸಲ ಮುಸ್ಲಿಂ ಮನೆಗೆ ಹೋದಾಗ ತಪ್ಪು ಮಾಡಿದೆ. ಮಗನನ್ನು ಕಳೆದುಕೊಂಡ ತಾಯಿಗೆ "ನಿಮ್ಮಲ್ಲಿ ಇದು ದೊಡ್ಡ ಪಾಪ ಅಂತಾರಲ್ವಾ, ಯಾರ ಹತ್ರ ಹೇಳಿಕೊಳ್ಳೋದೂ ಕಷ್ಟ" ಅಂದುಬಿಟ್ಟೆ. ಅವರು ಸೆರಗು ಮುಖಕ್ಕೆ ಎಳೆದುಕೊಂಡು ಒಳಗೆ ಹೋದರು. ಮೂರು ದಿನದಿಂದ ಬಂದವರಲ್ಲಿ ಎಷ್ಟೋ ಜನ ಅದನ್ನೇ ಅವರ ಕಿವಿಗೆ ಹಾಕಿದ್ದರು, ನಾನೂ ಹೋಗಿ ಅದನ್ನೇ ಹೇಳಿದ್ದೆ.

ಈಗ ಮೊದಲ ದಿನವೇ ಸುದ್ದಿ ಸಿಕ್ಕರೆ ಮಯ್ಯತ್, ಅಂದರೆ ಶವದ ವಿಷಯ ವಿಚಾರಿಸುತ್ತೇನೆ. ಇಂಥ ಸಾವಿನಲ್ಲಿ ಪೊಲೀಸರ ಮಹಜರು, ಪೋಸ್ಟ್‌ಮಾರ್ಟಂ ಇರುತ್ತದೆ. ಆದರೆ ಬೇಗ ದಫನ್ ಆಗಬೇಕು ಅನ್ನುವುದು ಮನೆಯವರ ಜೀವ ಹಿಂಡುತ್ತಿರುತ್ತದೆ, ಜುಲೈ ಮಳೆಯಲ್ಲಿ ಘಟ್ಟದ ದಾರಿ ಬೇರೆ. ಯಾವ ಕಾಗದ ಬಾಕಿ, ಎಷ್ಟು ಹೊತ್ತಿಗೆ ಕೊಡುತ್ತಾರೆ ಅಂತ ಕೇಳಿ ಮನೆಗೆ ಫೋನ್ ಮಾಡುತ್ತೇನೆ, ಗುಸುಲ್ (ಶವಕ್ಕೆ ಸ್ನಾನ) ಮಾಡಿಸುವವರು, ಖಬರಸ್ತಾನದವರು ಅಷ್ಟರೊಳಗೆ ಸಿದ್ಧವಾಗಬಹುದು.

ಆಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ನನ್ನ ಮಗನಿಗೆ ಜನ್ನತ್ (ಸ್ವರ್ಗ) ಸಿಗುತ್ತಾ?" ಹೌದು ಅನ್ನಲೂ ಇಲ್ಲ ಅನ್ನಲೂ ನಾನು ಯಾರು? ಯಾರ ಮಾತು ಕೇಳಿದರೆ ನಿಮಗೆ ಸಮಾಧಾನ ಅಂತ ಕೇಳುತ್ತೇನೆ. ಆ ತಾಯಿ, ಮಗನಿಗೆ ಕುರಾನ್ ಕಲಿಸಿದ್ದ ಹಜ್ರತ್ ಹೆಸರು ಹೇಳಿದರು. ಮೊದಲು ನಾನೊಬ್ಬಳೇ ಹೋಗಿ ಅವರನ್ನು ಮಾತಾಡಿಸಿದೆ, ಮನೆಗೆ ಬಂದು ಬೈದರೆ ಆ ತಾಯಿ ತಡೆದುಕೊಳ್ಳುತ್ತಿರಲಿಲ್ಲ. ಅವರು ಬಂದು, ಮಾಡಿದ್ದು ತಪ್ಪೇ, ಆದರೆ ಜನಾಜಾ ನಮಾಜ್ (ಸತ್ತವರಿಗಾಗಿ ಮಾಡುವ ನಮಾಜ್) ಆಗಿದೆ, ಇನ್ನು ದುವಾ (ಪ್ರಾರ್ಥನೆ) ಮಾಡು, ಅವನ ಹೆಸರಲ್ಲಿ ಸದಖಾ (ದಾನ) ಕೊಡು ಅಂದರು. ಪ್ರವಾದಿಯವರ ನಡೆನುಡಿಗಳ ಸಂಗ್ರಹವಾದ ಸಹೀಹ್ ಮುಸ್ಲಿಂನಲ್ಲಿರುವ ಒಂದು ಹದೀಸನ್ನೂ ಹೇಳಿದರು. ಮದೀನಕ್ಕೆ ಹಿಜ್ರತ್ (ವಲಸೆ) ಬಂದ ಒಬ್ಬಾತ ಕಾಯಿಲೆಯ ನೋವು ತಾಳಲಾರದೆ ತಾನೇ ಜೀವ ಕಳೆದುಕೊಂಡಾಗ, ಅವನ ಕೈಗಳನ್ನೂ ಕ್ಷಮಿಸು ಅಂತ ಪ್ರವಾದಿಯವರು ಅಲ್ಲಾಹನಲ್ಲಿ ಬೇಡಿದ್ದರಂತೆ. "ಕೈಗಳನ್ನೂ?" ಅಂತ ಅಮ್ಮ ಎರಡು ಸಲ ಕೇಳಿದರು. ಆವತ್ತೇ ಅವರು ಜೋರಾಗಿ ಅತ್ತಿದ್ದು.

ಸೊಸೆ ಇದ್ದತ್‌ನಲ್ಲಿದ್ದಳು, ಗಂಡ ತೀರಿಕೊಂಡ ಮೇಲೆ ಹೆಂಡತಿ ಮನೆಯಲ್ಲೇ ಇರುವ ಅವಧಿ ಅದು, 4 ತಿಂಗಳು 10 ದಿನ. ಅವಳನ್ನು ಆಫೀಸಿಗೆ ಕರೆಯಲಿಲ್ಲ, ನಾನೇ ಹೋಗುತ್ತಿದ್ದೆ. ಅತ್ತೆಯ ಎದುರು ಅವಳು ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ ಅಡುಗೆಮನೆಯಲ್ಲಿ ಕೂರುತ್ತಿದ್ದೆವು. ರಾತ್ರಿ ತಡೆಯೋಕಾಗದಿದ್ದರೆ ಫೋನ್ ಮಾಡು ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕ್ಯಾಲೆಂಡರ್ ಹಿಂದೆ ಬರೆದುಕೊಟ್ಟೆ. ಇದ್ದತ್ ಮುಗಿದ ಮೇಲೂ ಹೋಗುತ್ತಿದ್ದೇನೆ, ಅಷ್ಟು ಹೊತ್ತಿಗೆ ನೆಂಟರು ಬರುವುದು ನಿಂತಿರುತ್ತದೆ.