ವಾರದ 168 ಗಂಟೆ ಮತ್ತು ಮೂರು ಜನ

ಚಿತ್ರದುರ್ಗ ತಾಲ್ಲೂಕಿನ ಒಂದು 66/11 ಕೆವಿ ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ನಾನು ಗುತ್ತಿಗೆ ಆಪರೇಟರ್. ಗಂಟೆಗೊಮ್ಮೆ ಮೀಟರ್ ನೋಡಿ ಲಾಗ್ ಶೀಟ್ ಬರೆಯಬೇಕು. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಸಿ, ಬ್ಯಾಟರಿ ವೋಲ್ಟೇಜ್ ಗುರುತು ಹಾಕಬೇಕು. ಫೀಡರ್, ಅಂದರೆ ಊರುಗಳ ಕಡೆ ಹೋಗುವ ಲೈನ್, ಟ್ರಿಪ್ ಆದರೆ ನೋಡಬೇಕು. ಲೈನ್‌ಮನ್ ಕೇಳಿದಾಗ ಲೈನ್ ಕ್ಲಿಯರ್ ಕೊಡಬೇಕು, ಅಂದರೆ ಕರೆಂಟ್ ತೆಗೆದು ಆ ಲೈನ್ ಮೇಲೆ ಕೆಲಸ ಮಾಡಲು ಒಪ್ಪಿಗೆ. ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಅಲ್ವಾ ಅಂತ ನೆಂಟರು ಕೇಳುತ್ತಾರೆ. ಹೌದು, ಕುರ್ಚಿ ಕೆಲಸವೇ. ಆದರೆ ವಾರದ 168 ಗಂಟೆಯಲ್ಲಿ ಆ ಕುರ್ಚಿ ಒಂದು ಗಂಟೆಯೂ ಖಾಲಿ ಇರುವಂತಿಲ್ಲ.

ಮೊದಲು ನಾಲ್ಕು ಜನ ಇದ್ದೆವು. ಒಬ್ಬ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ. ಗುತ್ತಿಗೆದಾರರು ಅವನ ಜಾಗಕ್ಕೆ ಯಾರನ್ನೂ ಕಳಿಸಲಿಲ್ಲ. "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ರಪ್ಪ" ಅಂದರು. ಆ ಸ್ವಲ್ಪ ದಿನ ವರ್ಷ ದಾಟಿತು. ವಾರದ ರಜೆ ಹೋಯಿತು. ಒಬ್ಬರ ಮನೆಯಲ್ಲಿ ಮದುವೆಯೋ ಸಾವೋ ಆದರೆ ಉಳಿದ ಇಬ್ಬರು ಹನ್ನೆರಡು ಹನ್ನೆರಡು ಗಂಟೆ ಕೂರಬೇಕು.

ನನಗೆ ಆಗಿದ್ದು ಬರೀ ನಿದ್ದೆಗೇಡು ಅಲ್ಲ. ನಿದ್ದೆಗೆಟ್ಟವನು ಒಂದು ದಿನ ಮಲಗಿದರೆ ಸರಿಹೋಗುತ್ತಾನೆ. ನಾನು ಮಲಗಿ ಎದ್ದರೂ ಮೈ ಎಳೆಯುತ್ತಿತ್ತು. ಲಾಗ್ ಶೀಟ್‌ನಲ್ಲಿ ಅಂಕಿ ಬರೆಯುತ್ತಿದ್ದೆ, ಬರೆದದ್ದು ತಲೆಗೆ ಹೋಗುತ್ತಿರಲಿಲ್ಲ. "ತ್ರೀ ಫೇಸ್ ಯಾವಾಗ ಬಿಡ್ತೀರಪ್ಪ, ಈರುಳ್ಳಿ ಒಣಗ್ತಾ ಐತೆ" ಅಂತ ರೈತರು ಫೋನ್ ಮಾಡಿದರೆ ಮೊದಲೆಲ್ಲ ಸಮಯ ಹೇಳಿ ಸಮಾಧಾನ ಮಾಡುತ್ತಿದ್ದೆ. ಆಮೇಲಾಮೇಲೆ ಫೋನ್ ಬಡಿದುಕೊಂಡರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ರಾತ್ರಿ 2 ಗಂಟೆಗೆ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುವ ಆ ರೈತರೂ ನನ್ನ ಥರವೇ ನೈಟ್ ಶಿಫ್ಟ್‌ನವರು. ಅದು ಗೊತ್ತಿದ್ದೂ ಮನಸ್ಸಿಗೆ ತಟ್ಟುತ್ತಿರಲಿಲ್ಲ. ಕೆಲಸದ ಒತ್ತಡದಲ್ಲಿ ಹೀಗೆ ಬಳಲಿ ಬೆಂಡಾಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಗುರುತು ಹೇಳಿತು: ಶಕ್ತಿಯೆಲ್ಲ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಮೇಲೆ ಬೇಸರ ಹುಟ್ಟುವುದು, ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವುದು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂದಿತು. ಓದಿದಾಗ ನನಗೆ ಇಷ್ಟವಾದದ್ದು ಅದೇ ಮಾತು. ಕೆಲಸದಲ್ಲಿ ಹುಟ್ಟಿದ್ದಾದರೆ ಸರಿಮಾಡಬೇಕಾದದ್ದೂ ಅಲ್ಲೇ.

ಹಾಗಾಗಿ ಹಳೆ ಲಾಗ್ ಶೀಟ್‌ನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. 168 ಗಂಟೆಯನ್ನು ನಾಲ್ವರಿಗೆ ಹಂಚಿದರೆ ತಲಾ 42. ಮೂವರಿಗೆ ಹಂಚಿದರೆ 56. ಇಬ್ಬರಿಗೆ 84. 1948ರ ಕಾರ್ಖಾನೆಗಳ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಇಟ್ಟಿತ್ತು. ಸ್ಟೇಷನ್ ಕಾರ್ಖಾನೆಯೋ ಅಲ್ಲವೋ ಅನ್ನುವ ವಾದ ಬೇರೆ, ಅಳತೆಗೆ ಆ 48 ಸಾಕು. ಮೂವರು 48ರಂತೆ ಮಾಡಿದರೆ 144 ಆಯಿತು. ಉಳಿಯಿತು 24 ಗಂಟೆ, ಅಂದರೆ ಎಂಟು ಗಂಟೆಯ ಮೂರು ಪಾಳಿ. ನಾವು ಎಷ್ಟೇ ಗಟ್ಟಿಮನಸ್ಸು ಮಾಡಿದರೂ ಆ ಮೂರು ಪಾಳಿ ಯಾರದೋ ನಿದ್ದೆಯಿಂದಲೇ ಬರಬೇಕು.

ಈ ಚೀಟಿ ಹಿಡಿದು ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬರ ಹತ್ತಿರ ಹೋದೆ. "ಸುಸ್ತಾಗಿದೆ ಸಾರ್" ಅಂತ ಮೊದಲೂ ಹೇಳಿದ್ದೆವು. ಅದಕ್ಕೆ "ಯಾರಿಗಿಲ್ಲ ಹೇಳು" ಅನ್ನುವ ಉತ್ತರ ರೆಡಿ ಇರುತ್ತದೆ. ಮೂರು ಪಾಳಿಗೆ ಜನ ಇಲ್ಲ ಅಂದಾಗ ಅವರು ಚೀಟಿ ಕೈಗೆ ತಗೊಂಡರು. ಪಕ್ಕದ ಸ್ಟೇಷನ್‌ನಿಂದ ವಾರಕ್ಕೆ ಮೂರು ಪಾಳಿಗೆ ಒಬ್ಬರನ್ನು ಕಳಿಸುವ ಏರ್ಪಾಡಾಯಿತು. ಅದೇ ಲೆಕ್ಕ ಬರೆದು ಮೂವರೂ ಸಹಿ ಹಾಕಿ ಗುತ್ತಿಗೆದಾರರಿಗೂ ಕೊಟ್ಟೆವು, ಒಂದು ಪ್ರತಿ ಕಚೇರಿಗೆ. ಒಬ್ಬನೇ ಕೊಟ್ಟರೆ ತಕರಾರು ಮಾಡುವವನು ಅನ್ನಿಸಿಕೊಳ್ಳುತ್ತಾನೆ. ನಾಲ್ಕನೆಯವನು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು, ಆದರೂ ಬಂದ.

ಅವನು ಬಂದ ಮೇಲೆ ಪಾಳಿಯ ಸರದಿಯನ್ನೇ ತಿರುವಿ ಹಾಕಿದೆವು. ಮೊದಲು ಒಂದು ವಾರ ರಾತ್ರಿ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಿಗ್ಗೆ ಇತ್ತು. ಮಧ್ಯಾಹ್ನದಿಂದ ಬೆಳಿಗ್ಗೆಗೆ ಬದಲಾಗುವ ದಿನ ರಾತ್ರಿ 10ಕ್ಕೆ ಬಿಟ್ಟು ಬೆಳಿಗ್ಗೆ 6ಕ್ಕೆ ಹಾಜರು. ಬೈಕ್ ಓಡಿಸುವುದು, ಊಟ, ಸ್ನಾನ ಕಳೆದರೆ ನಿದ್ದೆಗೆ ಏನುಳಿಯುತ್ತದೆ? ಈಗ ಎರಡು ಬೆಳಿಗ್ಗೆ, ಎರಡು ಮಧ್ಯಾಹ್ನ, ಎರಡು ರಾತ್ರಿ, ಎರಡು ರಜೆ. ಎಂಟು ದಿನಕ್ಕೆ ಒಂದು ಸುತ್ತು. ಬೆಳಿಗ್ಗೆ ಪಾಳಿ 2ಕ್ಕೆ ಮುಗಿದರೆ ಮಧ್ಯಾಹ್ನದ ಪಾಳಿ ಮಾರನೇ ದಿನ 2ಕ್ಕೆ, ನಡುವೆ ಪೂರ್ತಿ 24 ಗಂಟೆ. ನಮ್ಮ ಮೈಯೊಳಗಿನ ಗಡಿಯಾರ 24 ಗಂಟೆಗಿಂತ ಒಂಚೂರು ನಿಧಾನವಾಗಿ ಓಡುತ್ತದಂತೆ. ಹಾಗಾಗಿ ನಿದ್ದೆಯನ್ನು ಮುಂದಕ್ಕೆ ಹಾಕುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ರಾತ್ರಿ ಪಾಳಿ ಎರಡೇ ಆದ್ದರಿಂದ ಮೈ ಪೂರ್ತಿ ಅಡಿಮೇಲು ಆಗುವ ಮೊದಲೇ ರಜೆ ಬರುತ್ತದೆ. ನಮ್ಮಲ್ಲಿ ಹಿರಿಯರೊಬ್ಬರು ಮಾತ್ರ ವಾರದ ನೈಟೇ ವಾಸಿ ಅಂತ ಈಗಲೂ ಅನ್ನುತ್ತಾರೆ. ಅವರಿಗೆ ಹಗಲು ತೋಟದ ಕೆಲಸ ಇದೆ, ಅದು ಬೇರೆ ಮಾತು.

ಯಾರಾದರೂ ರಜೆ ಹಾಕಿದರೆ ಆ ಪಾಳಿಗೆ ಕರೆಯುವುದು ರಜೆಯ ಎರಡನೇ ದಿನದಲ್ಲಿರುವವನನ್ನು. ಆಗಷ್ಟೇ ನೈಟ್ ಮುಗಿಸಿ ಹೋದವನನ್ನು ಕರೆಯುವ ಹಾಗಿಲ್ಲ. ಬೆನ್ನಿಗೆ ಬೆನ್ನು ಎರಡು ಪಾಳಿಯಂತೂ ಇಲ್ಲವೇ ಇಲ್ಲ. ಇದಕ್ಕೆ ಜಗಳ ಆಗಿದೆ, ಮಾತು ಬಿಟ್ಟದ್ದೂ ಇದೆ. ಆದರೂ ಬಿಟ್ಟುಕೊಡಲಿಲ್ಲ, ಯಾಕೆಂದರೆ ಲೈನ್ ಕ್ಲಿಯರ್. ಕಂಬದ ಮೇಲೆ ಒಬ್ಬ ಮನುಷ್ಯ ಇದ್ದಾನೆ. ಇಲ್ಲಿ ಫೀಡರ್‌ಗೆ ಕರೆಂಟ್ ಬಿಡುವ ಸ್ವಿಚ್ ನನ್ನ ಕೈಯಲ್ಲಿದೆ. ಬೆಳಗಿನ ಜಾವ 4ರಿಂದ 5ರ ಹೊತ್ತಿಗೆ ಮೈ ಬಿಸಿ ತೀರಾ ಇಳಿದಿರುತ್ತದೆ, ಎಚ್ಚರವೂ ಅಷ್ಟೇ. ಆ ಹೊತ್ತಿಗೆ ಲೈನ್ ಕ್ಲಿಯರ್ ಕೇಳಿದರೆ ನಾನು ಎದ್ದು ನಿಂತೇ ಮಾತಾಡುತ್ತೇನೆ. ಫೀಡರ್ ಹೆಸರನ್ನು ಲೈನ್‌ಮನ್ ಹೇಳಬೇಕು, ನಾನು ತಿರುಗಿ ಹೇಳಬೇಕು, ಪುಸ್ತಕದಲ್ಲಿ ಬರೆಯಬೇಕು, ಪ್ಯಾನೆಲ್‌ಗೆ ಕೆಂಪು ಬೋರ್ಡ್ ತೂಗುಹಾಕಬೇಕು. ಲೈನ್ ಕ್ಲಿಯರ್ ತಗೊಂಡವನೇ ಕೆಲಸ ಮುಗಿಸಿ ಅದನ್ನು ವಾಪಸ್ ಕೊಡಬೇಕು. "ನಮ್ಮಣ್ಣ ಹೇಳಿದ್ರು ಬಿಡ್ರಿ ಸಾರ್" ಅಂದರೆ ನಡೆಯುವುದಿಲ್ಲ. ಲೈನ್ ಕ್ಲಿಯರ್ ಬಾಕಿ ಇರುವಾಗ ಪಾಳಿ ಬದಲಾದರೆ ಗೇಟಿನ ಹತ್ತಿರ ಮಾತಾಡಿ ಹೋಗುವ ಹಾಗಿಲ್ಲ, ಆ ಪ್ಯಾನೆಲ್ ಮುಂದೆಯೇ ನಿಂತು ಒಪ್ಪಿಸಬೇಕು. ಇದೆಲ್ಲ ನಿಯಮದಲ್ಲಿ ಇರುವುದೇ. ಸುಸ್ತಾದ ತಲೆ ಮೊದಲು ಬಿಡುವುದು ಇಂಥದ್ದನ್ನೇ.

ಮನೆಗೆ ಹೋಗುವ ದಾರಿಯದೂ ಒಂದು ಕಥೆ. 17 ಗಂಟೆಗಿಂತ ಜಾಸ್ತಿ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 100 ಮಿಲಿಗೆ 50 ಮಿಲಿಗ್ರಾಂ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಸಂಶೋಧನೆಯೊಂದು 2000ದಲ್ಲೇ ತೋರಿಸಿದೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 30. ಕುಡಿಯದೇ ಕುಡಿದವನಾಗಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬೈಕ್ ಓಡಿಸುವುದು ಬೇಡ ಅಂತ, ನೈಟ್ ಮುಗಿದ ಮೇಲೆ ಸ್ಟೇಷನ್‌ನಲ್ಲೇ ಇಪ್ಪತ್ತು ನಿಮಿಷ ಒರಗಿ ಆಮೇಲೆ ಹೊರಡುತ್ತೇನೆ. ಕಣ್ಣು ಎಳೆಯುತ್ತಿದ್ದರೆ ಬಸ್.

ದುರ್ಗದ ಬೇಸಿಗೆಯಲ್ಲಿ ಹಗಲು ಮಲಗುವುದು ನೈಟ್ ಮಾಡುವುದಕ್ಕಿಂತ ಕಷ್ಟ. ಹತ್ತು ಗಂಟೆಗೆಲ್ಲ ಬಂಡೆ ಕಾದು ಶೀಟ್ ಮನೆ ಬೇಯುತ್ತದೆ. ಅದಕ್ಕೇ ಬಂದ ತಕ್ಷಣ, ಏಳೂವರೆಗೆ, ಹಿಂದಿನ ಕೋಣೆಗೆ ಕಪ್ಪು ಬಟ್ಟೆ ಇಳಿಬಿಟ್ಟು ಮಲಗುತ್ತೇನೆ. ಮಧ್ಯಾಹ್ನ ಎದ್ದು ಊಟ, ಸಂಜೆ ಇನ್ನೊಂದು ತಾಸು ನಿದ್ದೆ. ರಾತ್ರಿ 2ರ ಮೇಲೆ ಟೀ ಇಲ್ಲ. ಕುಡಿದ ಟೀಯ ಕೆಫೀನ್ ಅರ್ಧ ಇಳಿಯಲು ಐದಾರು ಗಂಟೆ ಬೇಕು. ಮುದ್ದೆ ಊಟ ಮನೆಯಲ್ಲೇ ಮುಗಿಸಿ ಹೋಗುತ್ತೇನೆ, ಹಸಿವಾದರೆ ಮಂಡಕ್ಕಿ ಶೇಂಗಾ. ಫೋನ್ ಮನೆಯವಳ ಹತ್ತಿರ ಇರುತ್ತದೆ. "ಮಲಗಿದಾರೆ, ಎರಡು ಗಂಟೆ ಮೇಲೆ ಮಾಡಿ" ಅಂತ ನನ್ನ ಅಮ್ಮನಿಗೂ ಹೇಳಿಬಿಡುತ್ತಾಳೆ.

ತುಂಬಾ ಕುಗ್ಗಿದ್ದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೂ ಫೋನ್ ಮಾಡಿದ್ದೆ, 14416. 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿಯೂ ಎತ್ತುತ್ತಾರೆ, ನಮ್ಮಂಥವರಿಗೆ ಅದು ಮುಖ್ಯ. ಬಹಳ ದಿನದಿಂದ ಏನೂ ಬೇಡ ಅನ್ನಿಸುತ್ತಿದ್ದರೆ ಪಾಳಿ ಬದಲಾಗಲಿ ಅಂತ ಕಾಯದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ. ಖಿನ್ನತೆ ಇದ್ದರೆ ಅದರ ದಾರಿ ಬೇರೆ.

ನಾಯಕನಹಟ್ಟಿ ಜಾತ್ರೆಗೆ ಮಾತ್ರ ನಾಲ್ವರಿಗೂ ರಜೆ ಬೇಕು. ಹೋದ ವರ್ಷ ಹೋದವರು ಈ ಸಲ ಕೂರಬೇಕು ಅಂತ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಮೂವರೇ ಇದ್ದಾಗ ಮಾಡಿದ ಹೆಚ್ಚುವರಿ ಗಂಟೆಗಳ ದುಡ್ಡು ಇನ್ನೂ ಬಂದಿಲ್ಲ. ಅದರ ಲೆಕ್ಕವನ್ನೂ ಪಾಳಿವಾರು ಬರೆದಿಟ್ಟಿದ್ದೇವೆ, ಕಾರ್ಮಿಕ ಇಲಾಖೆಗೆ ಕೊಡಲು.