ಪೆನ್ಸಿಲಿನಲ್ಲಿ ಬರೆದ ಕ್ಯೂಆರ್ ಕೋಡ್

ಕ್ಯೂಆರ್ ಕೋಡನ್ನು ನಾನು ಬಹಳ ಕಾಲ ಒಂದು ಚಿತ್ರ ಅಂತಲೇ ಅಂದುಕೊಂಡಿದ್ದೆ. ಅದು ಚಿತ್ರವಲ್ಲ, ಬರಹ. ಕೈಯಲ್ಲೇ ಬರೆಯಬಹುದಾದ ಬರಹ. ಹಾಗಾದರೆ ಬರೆದೇ ನೋಡೋಣ ಅಂತ ಗ್ರಾಫ್ ಹಾಳೆ, ಪೆನ್ಸಿಲ್ ಹಿಡಿದು ಕೂತೆ. ಬರೆಯಬೇಕಾದ ಪದ ‘ಕನ್ನಡ’.

ಎಲ್ಲಕ್ಕಿಂತ ಚಿಕ್ಕ ಕ್ಯೂಆರ್ ಕೋಡಿನಲ್ಲಿ ಅಡ್ಡಕ್ಕೆ 21, ಉದ್ದಕ್ಕೆ 21 ಚೌಕ. ಒಟ್ಟು 441. ಮೂಲೆಯ ಮೂರು ಕಣ್ಣು, ಅಳತೆಯ ಚುಕ್ಕಿಸಾಲು ಇತ್ಯಾದಿ ಕಳೆದರೆ ನಮಗೆ ಉಳಿಯುವುದು 208 ಚೌಕ. ಒಂದು ಚೌಕಕ್ಕೆ ಒಂದು ಬಿಟ್ (ಸೊನ್ನೆ ಅಥವಾ ಒಂದು), ಎಂಟು ಬಿಟ್ ಸೇರಿದರೆ ಒಂದು ಬೈಟ್, ಅಂದರೆ 26 ಬೈಟ್. ಇದರಲ್ಲೇ ಪದವೂ ಇರಬೇಕು, ತಪ್ಪು ತಿದ್ದುವ ಬೈಟ್‌ಗಳೂ ಇರಬೇಕು.

ನಮ್ಮ ಲಿಪಿಗೆ ಜಾಗ ಜಾಸ್ತಿ ಬೇಕು ಅನ್ನೋದು ಇಲ್ಲಿ ಗೊತ್ತಾಯಿತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ‘ಕ’ ಅಂದರೆ 224, 178, 149. ಮೂರು ಬೈಟ್. ‘ನ್ನ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಒಳಗೆ ಅದು ನ, ಅದರ ಅಕಾರ ತೆಗೆಯುವ ವಿರಾಮ ಚಿಹ್ನೆ (್), ಮತ್ತೆ ನ. ಒಂಬತ್ತು ಬೈಟ್! ಇಡೀ ಪದಕ್ಕೆ 15. ಮುಂದೆ ‘ಇದು ಬೈಟ್ ರೂಪ’ ಅಂತ ಹೇಳುವ 4 ಬಿಟ್, ಉದ್ದ ಹೇಳುವ 8 ಬಿಟ್. ಒಟ್ಟು 132 ಬಿಟ್. ತಪ್ಪು ತಿದ್ದುವ ಶಕ್ತಿಗೆ ಎಲ್, ಎಂ, ಕ್ಯೂ, ಎಚ್ ಅಂತ ಏರುತ್ತಾ ಹೋಗುವ ನಾಲ್ಕು ಮಟ್ಟಗಳಿವೆ. ಎಂ ಮಟ್ಟದ ತಿದ್ದುಪಡಿ ಇಟ್ಟುಕೊಂಡರೆ ಪದಕ್ಕೆ ಸಿಗುವುದು 128 ಬಿಟ್ ಮಾತ್ರ. ನಾಲ್ಕೇ ಬಿಟ್ಟಿಗೆ ತಪ್ಪಿಹೋಯಿತು. ಎಲ್ ಮಟ್ಟಕ್ಕೆ ಇಳಿದೆ. ಅಲ್ಲಿ ಪದಕ್ಕೆ 19 ಬೈಟ್, ತಿದ್ದುಪಡಿಗೆ 7. ಕೊನೆಗೆ ನಾಲ್ಕು ಸೊನ್ನೆ ಹಾಕಿದರೆ ಸರಿಯಾಗಿ 17 ಬೈಟ್ ಆಗುತ್ತದೆ. ಉಳಿದ ಎರಡಕ್ಕೆ 236, 17 ತುಂಬಬೇಕು, ಅದು ನಿಯಮ.

ತಿದ್ದುಪಡಿಯ 7 ಬೈಟ್ ಲೆಕ್ಕಕ್ಕೆ ಎರಡು ಸಂಜೆ ಹೋಯಿತು. ರೀಡ್-ಸಾಲೊಮನ್ ಅನ್ನುವ ಭಾಗಾಕಾರ ಇದು. 19 ಸುತ್ತು, ಸುತ್ತಿಗೆ 7 ಗುಣಾಕಾರ. ಕೂಡುವುದೂ ಗುಣಿಸುವುದೂ ನಾವು ಕಲಿತ ರೀತಿಯಲ್ಲಿ ಅಲ್ಲ. ಇಲ್ಲಿ 1ಕ್ಕೆ 1 ಕೂಡಿದರೆ ಸೊನ್ನೆ. ಗುಣಾಕಾರಕ್ಕೆ 255 ಸಾಲಿನ ಕೋಷ್ಟಕ ಮಾಡಿಕೊಂಡೆ. ಸುಸ್ತಾಯಿತು, ಆದರೆ ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ಆಮೇಲೆ ಬಿಟ್‌ಗಳನ್ನು ಚೌಕಗಳಿಗೆ ಇಳಿಸುವುದು. ಕೆಳಗಿನ ಬಲ ಮೂಲೆಯಿಂದ ಶುರು. ಎರಡೆರಡು ಕಂಬಸಾಲಿನ ಜೋಡಿ, ಹಾವಿನ ಹಾಗೆ ಮೇಲೆ ಹೋಗಿ ಕೆಳಗೆ ಬರಬೇಕು. ಮೊದಲ ಸಲ ನಾನು ಎಲ್ಲ ಜೋಡಿಯನ್ನೂ ಕೆಳಗಿನಿಂದ ಮೇಲಕ್ಕೇ ತುಂಬಿದೆ. ಒಂದು ಬಿಟ್ಟು ಒಂದು ಜೋಡಿ ತಲೆಕೆಳಗಾಯಿತು. ಫೋನು ಓದಲೇ ಇಲ್ಲ. ಹೊಸ ಹಾಳೆ ತಗೊಂಡು ಮತ್ತೆ ಬರೆದೆ.

ತುಂಬಿದ ಮೇಲೆ ಮಾಸ್ಕ್. ಒಂದೇ ಬಣ್ಣದ ದೊಡ್ಡ ತೇಪೆ ಬಂದರೆ ಕ್ಯಾಮೆರಾ ಗಲಿಬಿಲಿಯಾಗುತ್ತದೆ ಅಂತ ಕೆಲವು ಚೌಕಗಳ ಬಣ್ಣ ಅದಲುಬದಲು ಮಾಡುತ್ತಾರೆ. ಎಂಟು ಮಾದರಿಗಳಿವೆ. ಎಂಟಕ್ಕೂ ಅಂಕ ಹಾಕಿ ಒಳ್ಳೆಯದನ್ನು ಆರಿಸಬೇಕು. ನಾನು ಸುಮ್ನೆ ಮೊದಲನೆಯದನ್ನೇ, ಚದುರಂಗದ ಮಣೆಯಂಥದ್ದನ್ನು, ತಗೊಂಡೆ. ಯಾವ ಮಾಸ್ಕ್ ಅಂತ ಕಣ್ಣುಗಳ ಪಕ್ಕದ 15 ಬಿಟ್ಟಿನಲ್ಲಿ ಬರೆದಿರುತ್ತದಲ್ವಾ, ಹಾಗಾಗಿ ಓದುವುದಕ್ಕೆ ಅಡ್ಡಿಯಿಲ್ಲ.

ಎರಡನೇ ಹಾಳೆಯೂ ಓದಲಿಲ್ಲ! ಕಾರಣ ನಾನು ಅಂದಕ್ಕೆ ಅಂತ ಸುತ್ತ ಎಳೆದಿದ್ದ ದಪ್ಪ ಕಪ್ಪು ಗೆರೆ. ಸುತ್ತಲೂ ನಾಲ್ಕು ಚೌಕದಷ್ಟು ಬಿಳಿ ಜಾಗ ಇರಲೇಬೇಕು. 1994ರಲ್ಲಿ ಜಪಾನಿನಲ್ಲಿ ಮಸಾಹಿರೊ ಹಾರಾ ಮತ್ತವರ ತಂಡ ಇದನ್ನು ಮಾಡಿದಾಗ, ಅಚ್ಚಾದ ಕಾಗದಗಳನ್ನೆಲ್ಲ ಹುಡುಕಿ, ಅಪರೂಪಕ್ಕೆ ಕಾಣುವ 1:1:3:1:1 ಅನ್ನುವ ಕಪ್ಪು ಬಿಳುಪಿನ ಅಳತೆಯನ್ನು ಕಣ್ಣುಗಳಿಗೆ ಆರಿಸಿದರು. ಯಾವ ಕಡೆಯಿಂದ ಹಿಡಿದರೂ ಕ್ಯಾಮೆರಾ ಹುಡುಕುವುದು ಆ ಅಳತೆಯನ್ನೇ. ನನ್ನ ಗೆರೆ ಕಣ್ಣಿಗೆ ಅಂಟಿಕೊಂಡು ಆ ಅಳತೆಯನ್ನೇ ಕೆಡಿಸಿತ್ತು. ಗೆರೆ ಅಳಿಸಿದೆ. ಫೋನಿನ ಪರದೆ ಮೇಲೆ ‘ಕನ್ನಡ’ ಮೂಡಿತು. ಖುಷಿಗೆ ಐದಾರು ಸಲ ಸ್ಕ್ಯಾನ್ ಮಾಡಿದೆ.

ಮಾರನೇ ದಿನ ಅದೇ ಪದ, ಅದೇ ಮಾಸ್ಕ್ ಇಟ್ಟು ಕಂಪ್ಯೂಟರಿನಲ್ಲಿ ಮಾಡಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಹಾಳೆಯಲ್ಲಿ ಎರಡು ಚೌಕ ತಪ್ಪಾಗಿದ್ದವು. ಎರಡೂ ಬೇರೆ ಬೇರೆ ಬೈಟ್‌ಗಳಲ್ಲಿ. ಈ ಅಳತೆಯ ಎಲ್ ಮಟ್ಟ ತಿದ್ದುವ ಭರವಸೆ ಕೊಡುವುದೇ ಎರಡು ಬೈಟ್‌ವರೆಗೆ. ಆ ಎರಡು ಸಂಜೆಯ ಭಾಗಾಕಾರ ನನ್ನ ತಪ್ಪನ್ನೇ ತಿದ್ದಿತ್ತು.

ಈಗ 25 ಚೌಕದ ಹಾಳೆ ಹಿಡಿದಿದ್ದೇನೆ. ಅದೇ ಪದ, ಈ ಸಲ ಕ್ಯೂ ಮಟ್ಟ. ಪದಕ್ಕೆ 22 ಬೈಟ್, ಅದನ್ನು ಕಾಯಲಿಕ್ಕೂ 22.