ಸೀಟು ಎತ್ತಿ ನೋಡದೆ ಸ್ಕೂಟರ್ ಒಪ್ಪುವುದಿಲ್ಲ

ಕಾರವಾರದಲ್ಲಿ ನನ್ನದು ಬೈಕು, ಸ್ಕೂಟರ್ ರಿಪೇರಿ ಗ್ಯಾರೇಜು. ಈಗೀಗ ವೆಸ್ಪಾದಂಥ ದುಂಡನೆ ಬಾಡಿಯ, ಹೆಸರೇ ಕೇಳಿರದ ಅಗ್ಗದ ಎಲೆಕ್ಟ್ರಿಕ್ ಸ್ಕೂಟರ್‌ಗಳು ಬಹಳ ಬರುತ್ತಿವೆ. ಕೊಳ್ಳುವ ಮೊದಲೇ ತೋರಿಸಲು ತರುವವರೂ ಇದ್ದಾರೆ. "ನೋಡ್ಲಿಕ್ಕೆ ದೊಡ್ಡ ಕಂಪನಿದರ ಹಾಗೇ ಅದೆಯಲ್ಲ ಅಣ್ಣ, ಮತ್ತೆಂತ ವ್ಯತ್ಯಾಸ?" ಎಂದು ಕೇಳುತ್ತಾರೆ. ನಾನು ಮೊದಲು ಸೀಟು ಎತ್ತುತ್ತೇನೆ.

ಹೆಚ್ಚಿನವುಗಳಲ್ಲಿ 12 ವೋಲ್ಟಿನ ಐದು ಲೆಡ್ ಆಸಿಡ್ (ಸೀಸದ) ಬ್ಯಾಟರಿ ಸಾಲಾಗಿ ಜೋಡಿಸಿ 60 ವೋಲ್ಟ್ ಮಾಡಿರುತ್ತಾರೆ. ‘ಗ್ರಾಫೀನ್’ ಎಂಬ ಸ್ಟಿಕ್ಕರ್ ಇದ್ದರೂ ಸಾಮಾನ್ಯವಾಗಿ ಒಳಗಿರುವುದು ಸೀಸವೇ. ಫುಲ್ ಚಾರ್ಜ್ ಮಾಡಿಸಿ, ಇಬ್ಬರು ಕೂತು ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಓಡಿಸಿ ಬರುತ್ತೇವೆ. ಬಂದ ಕೂಡಲೇ ಮಲ್ಟಿಮೀಟರ್ ಹಿಡಿದು ಐದನ್ನೂ ಬೇರೆಬೇರೆ ಅಳೆಯುತ್ತೇನೆ. ನಾಲ್ಕು ಸಮನಾಗಿದ್ದು ಒಂದು ಮಾತ್ರ ಕುಸಿದಿದ್ದರೆ ಆ ಗಾಡಿ ಬೇಡ. ಸಾಲಿನಲ್ಲಿ ದುರ್ಬಲವಾದದ್ದು ಎಷ್ಟು ದೂರ ಹೋಗುತ್ತದೋ ಸ್ಕೂಟರೂ ಅಷ್ಟೇ ದೂರ. ಬ್ಯಾಟರಿ ಲಿಥಿಯಂ ಎಂದರೆ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತೆಯ ಪರೀಕ್ಷೆ ಪಾಸಾದ ಕಾಗದ ಕೇಳುತ್ತೇನೆ. ಕಾಗದವಿಲ್ಲದ ಪ್ಯಾಕನ್ನು ಮಕ್ಕಳು ಮಲಗುವ ಮನೆಯೊಳಗೆ ಚಾರ್ಜಿಗೆ ಹಾಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಶತ್ರು ಉಪ್ಪುಗಾಳಿ ಮತ್ತು ಮಳೆ. ಬೈತಕೋಲ ಬಂದರಿನ ಹತ್ತಿರ ನಿಲ್ಲುವ ಗಾಡಿಗಳ ಕನೆಕ್ಟರ್ ಬಿಚ್ಚಿದರೆ ತಾಮ್ರ ಹಸಿರುಗಟ್ಟಿರುತ್ತದೆ. ಹಸಿರು ಹಿಡಿದ ಕಡೆ ಕರೆಂಟು ಸರಾಗವಾಗಿ ಹರಿಯದೆ ಬಿಸಿಯೇರಿ ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಎಲ್ಲ ಕನೆಕ್ಟರ್ ಬಿಚ್ಚಿ, ಉಜ್ಜಿ, ನೀರು ತಾಗದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುತ್ತೇನೆ. ಹಿಂದಿನ ಚಕ್ರದೊಳಗೇ ಕೂತಿರುವ ಹಬ್ ಮೋಟರಿಗೆ ವೈರು ಹೋಗುವ ಆಕ್ಸಲ್ ತೂತನ್ನು ಸಿಲಿಕೋನಿನಿಂದ ಮುಚ್ಚುತ್ತೇನೆ. ಅಲ್ಲಿಂದ ನೀರಿಳಿದರೆ ಮೋಟರು ಎಷ್ಟು ತಿರುಗಿದೆ ಎಂದು ಗುರುತಿಸುವ ಒಳಗಿನ ಹಾಲ್ ಸೆನ್ಸರ್ ಹಾಳಾಗಿ ಗಾಡಿ ಜಗ್ಗತೊಡಗುತ್ತದೆ. ಮೋಟರಿಗೆ ಕರೆಂಟು ಹದವಾಗಿ ಕೊಡುವ ಕಂಟ್ರೋಲರ್ ಕಾಲಿಡುವ ಹಲಗೆಯ ಕೆಳಗಿದ್ದರೆ ಜಾಗ ಇದ್ದಲ್ಲಿ ಸೀಟಿನಡಿಗೆ ಏರಿಸುತ್ತೇನೆ. ದುಬಾರಿ ಗಾಡಿಯಲ್ಲಿ ನಾವು ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲು ಹೋಗುವುದು ಇಂಥ ಸೀಲುಗಳಿಗೇ. ಹೊರಗಿನಿಂದ ಅದು ಕಾಣುವುದಿಲ್ಲ.

ಘಟ್ಟ ಹತ್ತುವವರಿಗೆ ನಾನು ನೇರವಾಗಿ ಬೇಡ ಎನ್ನುತ್ತೇನೆ. ಗಾಡಿ, ಸವಾರ ಸೇರಿ 150 ಕಿಲೋ ಎಂದುಕೊಳ್ಳಿ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಏರಿಗೇ ಸುಮಾರು 650 ವ್ಯಾಟ್ ಬೇಕು. ಈ ಅಗ್ಗದ ಗಾಡಿಗಳ 250 ವ್ಯಾಟಿನ ಮೋಟರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಬೇಕೆಂದರೆ ಅದು ಸುಡುವುದೇ ಸರಿ. ದೊಡ್ಡ ಕಂಪನಿಯ ಸ್ಕೂಟರ್ ಏಥರ್ 450ಎಕ್ಸ್‌ನ ಗರಿಷ್ಠ ಶಕ್ತಿ 6.4 ಕಿಲೋವ್ಯಾಟ್, ಘಟ್ಟದ ದಾರಿಗೆ ಅಂಥದ್ದೇ ಬೇಕು. ಮೀನು ಮಾರ್ಕೆಟ್ಟಿಗೆ, ಶಾಲೆಗೆ, ಅಂಗಡಿಗೆ ಓಡಾಡುವವರಿಗೆ ಅಗ್ಗದ್ದು ಸಾಕು, ಹೊಸ ಬ್ಯಾಟರಿ ಸೆಟ್ಟಿನ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿದ್ದರೆ.

ಇನ್ನೊಂದು ಕೆಲಸವನ್ನು ಹುಡುಗರು ಎಷ್ಟು ಕೇಳಿದರೂ ನಾನು ಮಾಡಿಕೊಡುವುದಿಲ್ಲ: ವೇಗವನ್ನು ಮಿತಿಯಲ್ಲಿಡುವ ಸ್ಪೀಡ್ ಲಿಮಿಟ್ ವೈರ್ ಕಳಚುವುದು. ಈ ಗಾಡಿಗಳಿಗೆ ಲೈಸೆನ್ಸು, ನೋಂದಣಿ ಬೇಡ ಎನ್ನುವುದು 250 ವ್ಯಾಟ್ ಮತ್ತು 25 ಕಿ.ಮೀ. ಮಿತಿಯೊಳಗೆ ಇರುವವರೆಗೆ ಮಾತ್ರ. ವೈರ್ ಕಳಚಿದ ಗಾಡಿ ಹೆದ್ದಾರಿ 66ರಲ್ಲಿ ಯಾರಿಗಾದರೂ ತಾಗಿದರೆ ನೋಂದಣಿಯೂ ಇಲ್ಲ, ವಿಮೆಯೂ ಇಲ್ಲ. ಪರಿಹಾರದ ಹಣ ಆ ಹುಡುಗನ ಮನೆಯವರೇ ಹೊಂದಿಸಬೇಕು.